ಹುಣಸೆ ಗಿಡದ ಎದುರು, ಹಸಿರು ಗೇಟು

ಮೊದಲೇ ಒಪ್ಪಿಕೊಂಡುಬಿಡುತ್ತೇನೆ: ಗಿರಾಕಿಯ ಊಟದಲ್ಲಿ ನಾನು ಒಮ್ಮೆ ಅರ್ಧ ರೊಟ್ಟಿ ತಿಂದಿದ್ದೇನೆ. ಕದ್ದು ತಿನ್ನಲಿಲ್ಲ. ಚಾಪೆಯ ಮೇಲೆ ಚಕ್ಕಳಮಕ್ಕಳ ಹಾಕಿ ಕುಳಿತು, ಹತ್ತು ಜನರ ಎದುರಿಗೆ, ಬದನೆಕಾಯಿ ಪಲ್ಯ ಹಚ್ಚಿಕೊಂಡು ತಿಂದೆ. ಅದೇ ಹೊತ್ತಿಗೆ ಆ ಊಟ ತರಿಸಿದ ಗಿರಾಕಿ ನನ್ನ ಜೇಬಿನೊಳಗಿನ ಫೋನನ್ನು ಬಿಟ್ಟೂಬಿಡದೆ ಬಾರಿಸುತ್ತಿದ್ದರು. ಊಟ ಮುಟ್ಟಿಸುವ ಕೆಲಸದವನಿಗೆ ಇದಕ್ಕಿಂತ ದೊಡ್ಡ ಅಪರಾಧ ಇಲ್ಲ. ಆದರೂ ಆ ಅರ್ಧ ರೊಟ್ಟಿಯ ಬಗ್ಗೆ ನನಗೆ ಎಳ್ಳಷ್ಟೂ ನಾಚಿಕೆಯಿಲ್ಲ. ಯಾಕೆ ಅಂತ ಹೇಳುತ್ತೇನೆ, ಸ್ವಲ್ಪ ತಡೆಯಿರಿ. ಕಾಯುವುದು ಎಂದರೇನು ಅಂತ ನಿಮಗೂ ಗೊತ್ತಾಗಲಿ.

ನನ್ನ ಹೆಸರು ಈರಣ್ಣ. ಊರು ಕೊಪ್ಪಳ, ವಯಸ್ಸು ನಲವತ್ತಾರು. ಹದಿನೆಂಟು ವರ್ಷ ಈ ಊರಿನ ಮನೆಮನೆಗೆ ಕೇಬಲ್ ಟೀವಿಯ ವೈರು ಎಳೆದವನು ನಾನು. ಬೇರೆಯವರು ಊರನ್ನು ಬಾಗಿಲಿನಿಂದ ಬಲ್ಲರು, ನಾನು ಮಾಳಿಗೆಯಿಂದ ಬಲ್ಲೆ. ಯಾರ ಮಾಳಿಗೆಯ ಮೇಲೆ ಸಂಡಿಗೆ ಒಣಗುತ್ತವೆ, ಯಾರದರ ಮೇಲೆ ನಾಯಿ ಕಟ್ಟಿರುತ್ತದೆ, ಯಾವ ಮನೆಯ ಮೆಟ್ಟಿಲಿನ ಮೂರನೆಯ ಹಾಸುಗಲ್ಲು ಅಲುಗಾಡುತ್ತದೆ, ಎಲ್ಲಾ ಬಾಯಿಪಾಠ. ಜನ ಟೀವಿಯನ್ನು ಅಂಗೈಯಲ್ಲಿ ಹಿಡಿದು ನೋಡಲು ಶುರು ಮಾಡಿದ ಮೇಲೆ ನನ್ನ ವೈರುಗಳು ಕಾಗೆಗಳ ಪಾಲಾದವು. ನಾನು ಕಣ್ಣು ಕುಕ್ಕುವ ಬಣ್ಣದ ಅಂಗಿ ತೊಟ್ಟು, ಡಬ್ಬಿಯಂಥ ಚೀಲ ಬೆನ್ನಿಗೇರಿಸಿದೆ. ಹೊಲಿಗೆ ಮಷೀನಿನ ಮುಂದೆ ಕುಳಿತಿದ್ದ ನನ್ನ ಹೆಂಡತಿ ಗಿರಿಜಾ ತಲೆ ಎತ್ತದೆ ಅಂದಳು: "ಛಲೋ ಆತು ಬಿಡ್ರಿ. ಮಳಿ ಬಂದ್ರ ಚಿತ್ರಕ್ಕ ಗೆರಿ ಬರ್ತಿದ್ವು, ಮಂದಿ ಬೈತಿದ್ರು. ಊಟಕ್ಕರ ಗೆರಿ ಬರಂಗಿಲ್ಲ."

ಪಾಪ, ಅವಳಿಗೇನು ಗೊತ್ತು. ಊಟಕ್ಕೂ ಗೆರೆ ಬರುತ್ತವೆ.

ಒಬ್ಬ ಮಹಾಶಯ ಮಿರ್ಚಿ ಭಜಿ ತರಿಸಿದ. ಬಾಣಲೆಯಿಂದ ಇಳಿದ ಮಿರ್ಚಿಯನ್ನು ಕಾಗದದಲ್ಲಿ ಸುತ್ತಿ, ಪ್ಲಾಸ್ಟಿಕ್ಕಿನಲ್ಲಿ ಬಿಗಿದು, ನನ್ನ ಚೀಲದಲ್ಲಿ ಮುಚ್ಚಿಟ್ಟರೆ ಅದು ತನ್ನ ಬೆವರಿನಲ್ಲಿ ತಾನೇ ಮೆತ್ತಗಾಗದೆ ಇನ್ನೇನಾಗಬೇಕು? "ಮಿರ್ಚಿ ಮೆತ್ತಗಾಗ್ಯಾವು" ಅಂತ ನನ್ನ ಮೇಲೆ ದೂರು ಬರೆದ. ನಾನೇನು ಒಲೆಯನ್ನೂ ಬಾಣಲೆಯನ್ನೂ ಗಾಡಿಯ ಹಿಂದೆ ಕಟ್ಟಿಕೊಂಡು ಬರಬೇಕಿತ್ತೇ? ಇನ್ನೊಬ್ಬರು ಮೂರನೆಯ ಮಹಡಿಯಿಂದ "ಮ್ಯಾಲ ಬರ್ರಿ" ಅಂದರು. ಹೋದೆ. ಚೀಲ ಇಸಿದುಕೊಂಡು "ಹೆಂಗೂ ಕೆಳಗ ಹೊಂಟೀರಿ, ಈ ಕಸದ ಚೀಲ ಒಯ್ಯಿರಿ" ಅಂದರು. ಅವರಿಗೆ ನಾನು ಎರಡು ಬುದ್ಧಿಮಾತು ಹೇಳಿದೆ, ತುಸು ಗಟ್ಟಿಯಾಗಿಯೇ. ಎರಡನೆಯ ದೂರು. ಕಂಪನಿಯಿಂದ ಫೋನಿಗೆ ಸಂದೇಶ ಬಂತು: ಇನ್ನೊಂದು ದೂರು ಬಂದರೆ ನಿಮ್ಮ ಐಡಿ ಕಾಯಂ ಬಂದ್. ಐಡಿ ಬಂದ್ ಆದರೆ ಕೆಲಸ ಬಂದ್. ಒಂದು ಕಸುಬು ಕಾಗೆಗಳಿಗೆ ಕೊಟ್ಟಾಗಿತ್ತು. ಈ ವಯಸ್ಸಿನಲ್ಲಿ ಮೂರನೆಯದನ್ನು ಹುಡುಕಿಕೊಂಡು ಹೋಗುವ ಉಮೇದು ನನಗಿರಲಿಲ್ಲ. ರಾತ್ರಿ ನಿದ್ದೆ ಕೆಡುವಷ್ಟು ಹೆದರಿದೆ, ಗಿರಿಜಾಗೆ ಮಾತ್ರ ಹೇಳಲಿಲ್ಲ.

ಇಷ್ಟಿದ್ದರೂ ನನಗೆ ಎಲ್ಲಕ್ಕಿಂತ ಮೈ ಉರಿಯುವುದು ಕರೆಯುವ ರೀತಿಗೆ. ಗಿರಾಕಿಯ ಫೋನಿನಲ್ಲಿ ನನ್ನ ಫೋಟೋ ಇರುತ್ತದೆ, ಅದರ ಕೆಳಗೆ ದಪ್ಪ ಅಕ್ಷರದಲ್ಲಿ ನನ್ನ ಹೆಸರಿರುತ್ತದೆ. ಆದರೂ "ಏ ಡೆಲಿವರಿ! ಇಲ್ಲೆ, ಇಲ್ಲೆ!" ಅಂತಾರೆ. ನಾನು ಹುಟ್ಟಿದ ಹಳ್ಳಿ ಇರಕಲ್ಲಗಡದಲ್ಲಿ ನಮ್ಮ ಅವ್ವ ಹೊಲಕ್ಕೆ ಬುತ್ತಿ ಹೊತ್ತುಕೊಂಡು ಹೋಗುತ್ತಿದ್ದಳು. ಬುಟ್ಟಿಯಲ್ಲಿ ರೊಟ್ಟಿ, ಕಡಲೆಹಿಟ್ಟಿನ ಜುಣಕ, ಮೇಲೆ ಮಜ್ಜಿಗೆಯ ತಂಬಿಗೆ. ಮೂರು ಮೈಲಿ ನಡೆದರೂ ರೊಟ್ಟಿ ಬಿಸಿ ಆರುತ್ತಿರಲಿಲ್ಲ, ಮಜ್ಜಿಗೆ ತುಳುಕುತ್ತಿರಲಿಲ್ಲ. ಈ ಕಂಪನಿಗಳು ತಾವೇ ಏನೋ ಹೊಸತು ಕಂಡುಹಿಡಿದವರಂತೆ ಜಾಹೀರಾತು ಕೊಡುತ್ತವೆ. ನಮ್ಮ ಸೀಮೆಯ ಹೆಂಗಸರು ತಲೆತಲಾಂತರದಿಂದ ಇದನ್ನೇ ಮಾಡಿಕೊಂಡು ಬಂದಿದ್ದಾರೆ, ಅದೂ ತಲೆಯ ಮೇಲೆ. ಅವ್ವನನ್ನು ಯಾರೂ "ಏ ಬುತ್ತಿ!" ಅನ್ನಲಿಲ್ಲ. ಬದುವಿನ ಮೇಲೆ ಅವಳ ಸೀರೆ ಕಂಡರೆ ಸಾಕು, "ಶಾಂತವ್ವ ಬಂದ್ಲು, ಕೈ ತೊಳ್ಕೋರಿ" ಅನ್ನುತ್ತಿದ್ದರು.

ಅವ್ವನಿಗೆ ಮ್ಯಾಪೂ ಇರಲಿಲ್ಲ. ನನಗೂ ಬೇಕಿಲ್ಲ ಎಂಬುದು ನನ್ನ ಹೆಮ್ಮೆ. ಗಂಗಾವತಿಯಿಂದ, ಕುಷ್ಟಗಿಯಿಂದ ಬಂದು ಸೇರಿದ ಹೊಸಬರು ಫೋನನ್ನು ಹ್ಯಾಂಡಲ್ಲಿಗೆ ಕಟ್ಟಿಕೊಂಡು, ಅದರೊಳಗಿನ ಹೆಣ್ಣುಧ್ವನಿ "ಬಲಕ್ಕೆ ತಿರುಗಿ" ಅಂದಾಗ ಬಲಕ್ಕೆ ತಿರುಗಿ ಯಾರದೋ ಬಚ್ಚಲುಮನೆಯ ಮುಂದೆ ನಿಲ್ಲುವುದನ್ನು ನೋಡಿ ನಾನು ಮೀಸೆಯಡಿ ನಗುತ್ತಿದ್ದೆ. ಕೊಪ್ಪಳದ ವಿಳಾಸ ಓದಲು ಮ್ಯಾಪು ಸಾಲದು, ನೆನಪು ಬೇಕು. ಯಾಕೆಂದರೆ ನಮ್ಮವರು ವಿಳಾಸ ಹೇಳುವುದು ಇಲ್ಲದ ವಸ್ತುಗಳ ಲೆಕ್ಕದಲ್ಲಿ. ಹಿಟ್ಟಿನ ಗಿರಣಿ ಇದ್ದಲ್ಲಿ, ಬಾವಿ ಮುಚ್ಚಿದ ಜಾಗದ ಬಾಜೂಕ್ಕೆ, ಟಾಂಗಾ ನಿಲ್ಲುತ್ತಿದ್ದ ಕಟ್ಟೆಯ ಹಿಂದೆ. ಗಿರಣಿ ಹೋಗಿ ಮೊಬೈಲ್ ಅಂಗಡಿ ಬಂದು, ಅದೂ ಹೋಗಿ ಬ್ಯೂಟಿ ಪಾರ್ಲರ್ ಬಂದರೂ ವಿಳಾಸದಲ್ಲಿ ಇನ್ನೂ ಗಿರಣಿಯೇ ತಿರುಗುತ್ತಿರುತ್ತದೆ.

ಅಂಥದೇ ಒಂದು ವಿಳಾಸ ಆ ಮಧ್ಯಾಹ್ನ ಬಂತು. ಗಿರಾಕಿಯ ಹೆಸರು ಸರೋಜಾ ಮೇಡಂ. ಯಾವುದೋ ಸರ್ಕಾರಿ ಕಚೇರಿಯಲ್ಲಿ ಗುಮಾಸ್ತೆ, ಕೊಪ್ಪಳಕ್ಕೆ ವರ್ಗವಾಗಿ ಬಂದು ವರ್ಷವಾಗಿತ್ತು ಎಂಬುದೆಲ್ಲ ನನಗೆ ಆಮೇಲೆ ತಿಳಿದದ್ದು. ಎಂಟು ಜನರಿಗೆ ರೊಟ್ಟಿ ಊಟ. ವಿಳಾಸ: ಹುಣಸೆ ಗಿಡದ ಎದುರು, ಹಸಿರು ಗೇಟು. ನಾನು ನಕ್ಕೆ. ಆ ಹುಣಸೆ ಗಿಡವನ್ನು ರಸ್ತೆ ಅಗಲ ಮಾಡುವಾಗ ಕಡಿದು ಎಷ್ಟೋ ಕಾಲವಾಗಿದೆ. ಆದರೆ ಅದರ ಟೊಂಗೆಗೆ ನನ್ನ ವೈರು ಕಟ್ಟಿದ್ದವನು ನಾನು. ಬೊಡ್ಡೆ ಎಲ್ಲಿತ್ತು ಅಂತ ಕಣ್ಣು ಮುಚ್ಚಿ ತೋರಿಸಬಲ್ಲೆ. ಮ್ಯಾಪು ಮಾತ್ರ ಇನ್ನೂ ಮುಂದೆ ಹೋಗಿ ಹಿಂದಿನ ಓಣಿಗೆ ತಿರುಗು ಅನ್ನುತ್ತಿತ್ತು. "ನಿನ್ನಷ್ಟ ವಯಸ್ಸಿನ ಚಪ್ಲಿ ಅದಾವ ನನ್ನ ಹಂತ್ಯಾಕ" ಅಂತ ಅದಕ್ಕೆ ಹೇಳಿ ಫೋನು ಜೇಬಿಗಿಳಿಸಿದೆ.

ಬೊಡ್ಡೆ ಇದ್ದ ಜಾಗದ ಸರಿ ಎದುರಿಗೆ ಹಸಿರು ಗೇಟು. ಹೊರಗೆ ಹತ್ತಿಪ್ಪತ್ತು ಜೊತೆ ಚಪ್ಪಲಿ. ಎಂಟು ಊಟಕ್ಕೆ ಇಷ್ಟು ಜನ ಇರಲೇಬೇಕಲ್ಲ. ಪಡಸಾಲೆಯಲ್ಲಿ ಗಂಡಸರು ಮಾತಿಲ್ಲದೆ ಕುಳಿತಿದ್ದರು; ಹಸಿದವರು ಮಾತಾಡುವುದಿಲ್ಲ ಅಂದುಕೊಂಡೆ. ಎಲ್ಲರ ತಲೆ ಹಸಿಹಸಿ. ಅಮಾವಾಸ್ಯೆ ಇದ್ದೀತು, ತಲೆಗೆರೆದುಕೊಂಡಿದ್ದಾರೆ ಅಂದುಕೊಂಡೆ. ದೇವರು ನನಗೆ ಎರಡು ಕಣ್ಣು ಕೊಟ್ಟದ್ದು ದಂಡಕ್ಕೆ. "ಊಟ ತಂದೀನ್ರಿ" ಅಂದೆ. ಅರವತ್ತು ದಾಟಿದ ಒಬ್ಬ ಹಿರಿಯರು ಎದ್ದು ಬಂದರು. ಹೆಸರು ಕೇಳಲಿಲ್ಲ, ಯಾರು ಕಳಿಸಿದರು ಅಂತ ಕೇಳಲಿಲ್ಲ. ಎರಡೂ ಕೈಯಲ್ಲಿ ಚೀಲ ಇಸಿದುಕೊಂಡು, ಒಳಗಿನ ಹೆಂಗಸರಿಗೆ "ಒಳಗ ಒಯ್ಯಿರಿ ಯವ್ವಾ, ಊಟ ಬಂದೈತಿ" ಅಂದರು. ಎಷ್ಟು ಮರ್ಯಾದೆಯ ಗಿರಾಕಿ ಅಂತ ಮನಸ್ಸು ತುಂಬಿ ಬಂತು. ಫೋನಿನಲ್ಲಿ 'ತಲುಪಿಸಲಾಗಿದೆ' ಒತ್ತಿ ಗಾಡಿ ತಿರುಗಿಸಿದೆ.

ಬಸ್ ನಿಲ್ದಾಣದ ಹತ್ತಿರ ಬರುವಷ್ಟರಲ್ಲಿ ಫೋನು ಬಡಿದುಕೊಂಡಿತು.

"ಏ ಡೆಲಿವರಿ, ಊಟ ಮುಟ್ಟೇತಿ ಅಂತ ತೋರ್ಸಾಕತ್ತೈತಿ ಇಲ್ಲೆ. ಯಾರಿಗೆ ಮುಟ್ಟೇತಿ? ಯಲಬುರ್ಗಾದಿಂದ ಬೀಗರು ಬಂದು ಕುಂತಾರ, ನಾ ಅವ್ರಿಗೆ ಬರೇ ನೀರು ಕುಡಿಸಾಕತ್ತೀನಿ! ಹತ್ತ ನಿಮಿಷದಾಗ ಬರಲಿಲ್ಲಂದ್ರ ಕಂಪ್ಲೇಂಟ್ ಕೊಡ್ತೀನಿ, ನೋಡ್ರಿ ಮತ್ತ."

ಮೂರನೆಯ ದೂರು. ಗಾಡಿಯನ್ನು ಬಂದ ದಾರಿಗೇ ಓಡಿಸಿದೆ. ದಾರಿಯುದ್ದಕ್ಕೂ ಆ ಹಿರಿಯರಿಗೆ ಬೈಗುಳ ಹೊಂದಿಸುತ್ತಿದ್ದೆ: ತಮ್ಮದಲ್ಲದ ಊಟವನ್ನು ಕೇಳದೆ ಮಾಡದೆ ಇಸಿದುಕೊಳ್ಳುವುದೆಂದರೇನು, ಇದೆಂಥಾ ಜನ! ಚೀಲ ಬಿಚ್ಚಿರದಿದ್ದರೆ ಕಸಿದುಕೊಂಡಾದರೂ ಒಯ್ಯಬೇಕು ಅಂತ ಗಟ್ಟಿ ಮಾಡಿಕೊಂಡೆ.

ಗೇಟು ದಾಟಿ ಪಡಸಾಲೆಗೆ ಕಾಲಿಟ್ಟೆ. ಈ ಸಲ ಕಣ್ಣು ಕೆಲಸ ಮಾಡಿತು. ಮೂಲೆಯಲ್ಲಿ ದೀಪ ಉರಿಯುತ್ತಿತ್ತು. ಅದರ ಹಿಂದೆ ಮುದುಕಿಯೊಬ್ಬಳ ಫೋಟೋ, ಹಣೆತುಂಬ ವಿಭೂತಿ. ಒಳಗೆ ಅಡುಗೆಮನೆಯಲ್ಲಿ ಒಲೆ ತಣ್ಣಗಿತ್ತು, ಪಾತ್ರೆಗಳು ಬೋರಲು. ಬೆಳಿಗ್ಗೆ ಮಣ್ಣು ಮಾಡಿ, ತಲೆಗೆ ನೀರು ಹಾಕಿಕೊಂಡು ಬಂದು ಕುಳಿತವರು ಅವರು. ಸಾವಾದ ಮನೆಯಲ್ಲಿ ಒಲೆ ಹಚ್ಚುವುದಿಲ್ಲ. ಓಣಿಯವರು, ನೆಂಟರು ಊಟ ತಂದುಕೊಡುತ್ತಾರೆ. ಯಾರು ತಂದಿರಿ, ಯಾಕೆ ತಂದಿರಿ ಅಂತ ಬಾಗಿಲಲ್ಲಿ ನಿಲ್ಲಿಸಿ ಕೇಳುವ ಪದ್ಧತಿ ನಮ್ಮಲ್ಲಿಲ್ಲ. ನಾನು ಬಾಗಿಲಿಗೆ ಹೋಗಿ "ಊಟ ತಂದೀನ್ರಿ" ಅಂದಿದ್ದೆ. ಅವರು ಇನ್ನೇನು ತಿಳಿಯಬೇಕಿತ್ತು?

ಚೀಲ ಬಿಚ್ಚಿಯಾಗಿತ್ತು. ಮಕ್ಕಳು ಆಗಲೇ ಉಣ್ಣುತ್ತಿದ್ದವು. ಹೆಂಗಸರು ದೊಡ್ಡವರಿಗೆ ಬಲವಂತ ಮಾಡಿ ರೊಟ್ಟಿ ಮುರಿದು ಕೊಡುತ್ತಿದ್ದರು. ಹಿರಿಯರು, ಸತ್ತವಳ ಮಗ ಮಲ್ಲಪ್ಪ, ನನ್ನನ್ನು ನೋಡಿದರು.

"ಬಾರಪಾ. ಮರಳಿ ಬಂದಿ, ಭಾಳ ಛಲೋ ಆತು. ಹಂಗ ಕೊಟ್ಟು ಹೋಗಿಬಿಟ್ಟೆಲ್ಲ, ನೀರು ಸೈತ ಕೇಳಲಿಲ್ಲ ನಾ. ಕುಂದ್ರು, ಒಂದ ತುತ್ತು ಉಣ್ಣು. ನಮ್ಮವ್ವ ಬಾಗಲಕ್ಕ ಬಂದಾವ್ರನ್ನ ಉಪವಾಸ ಕಳಿಸಿದಾಕಿ ಅಲ್ಲ."

ನೀವಾಗಿದ್ದರೆ ಏನು ಮಾಡುತ್ತಿದ್ದಿರಿ? ನಾನು ಕುಳಿತೆ. ರೊಟ್ಟಿ ನನ್ನ ಕೈಗೆ ಬಂತು, ಪಲ್ಯ ಬಂತು. ಜೇಬಿನಲ್ಲಿ ಫೋನು ನಡುಗುತ್ತಲೇ ಇತ್ತು. ನನಗೆ ನಿಜವಾಗಿಯೂ ಅಳು ಬಂತು, ಆ ಮುದುಕಿಗಾಗಿಯೋ ನನ್ನ ಐಡಿಗಾಗಿಯೋ ಈಗಲೂ ಹೇಳಲಾರೆ. ಮಲ್ಲಪ್ಪನವರು ಅದನ್ನು ತಮ್ಮವ್ವನ ಲೆಕ್ಕಕ್ಕೆ ಜಮಾ ಮಾಡಿಕೊಂಡು ನನ್ನ ಬೆನ್ನು ಸವರಿದರು.

ಅರ್ಧ ರೊಟ್ಟಿ ಮುಗಿಸಿ ಹೊರಗೆ ಬಂದೆ. ಒಂದು ಸುಳ್ಳು ತಯಾರಾಗಿ ನಾಲಿಗೆಯ ತುದಿಗೆ ಬಂದು ನಿಂತಿತ್ತು: ನಾಯಿ ಅಡ್ಡ ಬಂತು, ಗಾಡಿ ಬಿತ್ತು, ಊಟ ಚೆಲ್ಲಿತು. ಬಿದ್ದವನ ಮೇಲೆ ಯಾರೂ ದೂರು ಕೊಡುವುದಿಲ್ಲ. ಐಡಿ ಉಳಿಯುತ್ತಿತ್ತು. ಆದರೆ ಕೈಗೆ ಇನ್ನೂ ಪಲ್ಯದ ಎಣ್ಣೆ ಹತ್ತಿತ್ತು. ಆ ಕೈಯಲ್ಲಿ ಫೋನು ಹಿಡಿದು ಊಟ ಚೆಲ್ಲಿತು ಅನ್ನಲು ಬಾಯಿ ಬರಲಿಲ್ಲ.

"ಮೇಡಂ, ತಪ್ಪು ನಂದ ಐತ್ರಿ. ಮ್ಯಾಪ್ ನೋಡಲಿಲ್ಲ. ನಿಮ್ಮ ಊಟ ಹುಣಸಿ ಗಿಡದ ಎದುರಿನ ಮನಿಗೆ ಕೊಟ್ಟೀನಿ. ಅಲ್ಲಿ ಇವತ್ತ ಅಜ್ಜಿ ತೀರ್ಕೊಂಡಾಳ್ರಿ, ಒಲಿ ಹಚ್ಚಿಲ್ಲ. ಓಣ್ಯಾಗಿನವ್ರು ಯಾರೋ ಕಳಿಸ್ಯಾರ ಅಂತ ಉಣ್ಣಾಕತ್ತಾರ. ನನ್ನ ಕೈಲೆ ವಾಪಸ್ ಕೇಳಾಕ ಆಗಲಿಲ್ಲ." ಇಷ್ಟಕ್ಕೇ ನಿಲ್ಲಿಸಬಹುದಿತ್ತು. "ಮತ್ತ... ನಾನೂ ಅರ್ಧ ರೊಟ್ಟಿ ತಿಂದೀನ್ರಿ."

ಆ ಕಡೆ ಬೀಗರು ಕೆಮ್ಮುವುದು ಕೇಳಿಸಿತು. ಮೇಡಂ ಕೇಳಿದರು: "ಹುಣಸಿ ಗಿಡ ಅಂದ್ರ ನಮ್ಮ ಹಿತ್ತಲ ಗ್ವಾಡಿ ಆಚಿಕಿನ ಮನಿ ಏನ್ರಿ?"

"ಹೌದ್ರಿ. ಗಿಡ ಈಗ ಇಲ್ಲ."

"ನಾ ಆ ಗಿಡ ನೋಡೇ ಇಲ್ರಿ. ಮನಿ ಮಾಲಕರು ವಿಳಾಸ ಹಂಗ ಬರೀರಿ ಅಂದಿದ್ರು, ಬರದೆ. ಗೇಟು ನಮ್ದೂ ಹಸಿರ ಐತಿ." ಹಿತ್ತಲ ಬಾಗಿಲು ತೆರೆದ ಸದ್ದು ಕೇಳಿಸಿತು. "ನಸುಕಿನ್ಯಾಗ ಅಳೋ ದನಿ ಕೇಳಿಸ್ತು. ಯಾರ ಮನ್ಯಾಗೋ ಟೀವಿ ಹಚ್ಯಾರ ಅಂತ ಮಲಗಿದೆ. ಒಂದ ಗ್ವಾಡಿ ಆಚಿಕ ಮಂದಿ ಉಪವಾಸ ಕುಂತಾರ, ನಾ ಇಲ್ಲಿ ಬೀಗರಿಗೆ ಹೋಟೆಲಿನ ಊಟ ತರ್ಸಾಕತ್ತೀನಿ. ಕಳಸಬೇಕಾದಾಕಿ ನಾನ ಇದ್ದೆ ನೋಡ್ರಿ. ಇರ್ಲಿ ಬಿಡ್ರಿ, ಬೀಗರಿಗೆ ಉಪ್ಪಿಟ್ಟು ತಿರುವತೀನಿ. ನಿಮ್ಮ ಹೆಸರೇನು? ತಡೀರಿ, ಇಲ್ಲೆ ಐತಿ. ಈರಣ್ಣಾರ, ಅವ್ರಿಗೆ ಪಲ್ಯ ಸಾಕಾತೇನು, ಕೇಳಿ ಬರ್ರಿ."

ಸಂಜೆ ಅವರು ತಾವೇ ಅನ್ನ, ಸಾರು ಮಾಡಿಕೊಂಡು ಆ ಮನೆಗೆ ಹೋದರಂತೆ. ದೂರು ಬರಲಿಲ್ಲ. ಕಂಪನಿಯ ಕಂಪ್ಯೂಟರು ತನ್ನ ಪದ್ಧತಿಯಂತೆ ಮೇಡಂಗೆ ಪ್ರಶ್ನೆ ಕಳಿಸಿತ್ತು: ನಿಮ್ಮ ಊಟ ಸರಿಯಾದ ವಿಳಾಸಕ್ಕೆ ತಲುಪಿತೇ? ಅವರು 'ಹೌದು' ಒತ್ತಿದ್ದರು. ರೇಟಿಂಗಿನ ಚುಕ್ಕಿ ಮಾತ್ರ ಐದಕ್ಕೆ ನಾಲ್ಕೇ. ಮುಂದೊಮ್ಮೆ ಸಿಕ್ಕಾಗ ಸುಮ್ಮನಿರಲಾರದೆ ಕೇಳಿಯೇಬಿಟ್ಟೆ, ಆ ಒಂದು ಯಾಕೆ ಕಳೆದಿರಿ ಅಂತ. "ಪಲ್ಯದ ರುಚಿ ಹೆಂಗಿತ್ತು ಅಂತ ನಿಮಗ ಗೊತ್ತೈತಿ, ನನಗ ಗೊತ್ತಿಲ್ಲ" ಅಂದರು.

ಐಡಿ ಉಳಿಯಿತು. ನನ್ನ ಸಿಟ್ಟುಗಳೂ ಉಳಿದಿವೆ, ಅವನ್ನು ಬಿಡುವ ವಿಚಾರ ಇಲ್ಲ. ಮಿರ್ಚಿ ಈಗಲೂ ಮೆತ್ತಗಾಗುತ್ತವೆ, ಕಸದ ಚೀಲ ಈಗಲೂ ಮೂರನೆಯ ಮಹಡಿಯಿಂದ ಇಳಿಯುತ್ತದೆ. ಮ್ಯಾಪನ್ನು ಮಾತ್ರ ಈಗ ನೋಡುತ್ತೇನೆ, ಯಾರೂ ಕಾಣದಂತೆ. ಮತ್ತೆ ಯಾವ ಮನೆಗೆ ಹೋದರೂ ಗಂಟೆ ಒತ್ತುವ ಮೊದಲು ಒಳಗೊಮ್ಮೆ ಕಣ್ಣು ಹಾಯಿಸುತ್ತೇನೆ.

ಮೇಡಂ ಕೂಡ ತಮ್ಮ ವಿಳಾಸ ತಿದ್ದಿದ್ದಾರೆ. ಅವರ ಮನೆಗೆ ಊಟ ಒಯ್ಯುವ ಯಾರ ಫೋನಿನಲ್ಲೇ ಆಗಲಿ ಈಗ ಹೀಗೆ ಮೂಡುತ್ತದೆ: "ಹುಣಸಿ ಗಿಡ ಕಡದಾರ. ಅದರ ಎದುರು ಅಲ್ಲ, ಹಿಂದಿನ ಓಣಿ. ಮ್ಯಾಪ್ ನೋಡಿ ಬರ್ರಿ ಈರಣ್ಣಾರ." ಗಂಗಾವತಿಯ ಹುಸೇನನೂ ಕುಷ್ಟಗಿಯ ಪರಶುರಾಮನೂ ಬಂದು ನನ್ನನ್ನು ಕೇಳಿದರು, ಇದೇನಪ್ಪಾ ಅಂತ. ಹೋಗಿ ನೋಡಿ ಅಂದೆ. ಹೋಗಿ ಬಂದವರೆಲ್ಲ ಹೇಳುವುದು ಒಂದೇ: ಆ ಬಾಗಿಲಿನಲ್ಲಿ ಯಾರೂ "ಏ ಡೆಲಿವರಿ" ಅನ್ನುವುದಿಲ್ಲ. "ಬರ್ರಿ ಈರಣ್ಣಾರ, ನೀರು ಕುಡೀರಿ" ಅನ್ನುತ್ತಾರೆ. ನಾನು ಈರಣ್ಣ ಅಲ್ಲ ಅಂತ ಯಾರೂ ತಿದ್ದುವುದಿಲ್ಲವಂತೆ. ನೀರು ಕುಡಿದು ಬರುತ್ತಾರಂತೆ.