ಮಗ್ಗದ ಕುಣಿಯೊಳಗಿನ ಎರಡು ಸದ್ದು

ರಬಕವಿಯಲ್ಲಿ ಕರೆಂಟು ಹೋದರೆ ನಮ್ಮ ಓಣಿಯ ಪವರ್‌ಲೂಮುಗಳೆಲ್ಲ ಒಮ್ಮೆಲೇ ನಿಲ್ಲುತ್ತವೆ. ಆಗ ನನಗೆ ಆ ಸದ್ದು ಕೇಳಿಸುತ್ತದೆ. ಧಪ್. ತುಸು ತಡೆದು ಇನ್ನೊಂದು ಧಪ್. ರೊಟ್ಟಿ ತಟ್ಟುವ ಕೈ ನಿಂತುಬಿಡುತ್ತದೆ. ಪಡಸಾಲೆಯಲ್ಲಿದ್ದ ಮಗ್ಗದ ಕುಣಿಯನ್ನು ಮುಚ್ಚಿ, ಮೇಲೆ ಫರಸಿ ಕಲ್ಲು ಹಾಸಿ ವರ್ಷಗಳೇ ಆದವು.

ಮಗಳನ್ನು ಸಾಲೆಗೆ ಹಚ್ಚುವ ಮೊದಲೇ ಅವಳಿಗೆ ಜ್ವರ ಬಂತು. ವೈರಸ್ ಜ್ವರ ಎಂದರು. ಜ್ವರ ಇಳಿಯಿತು, ಬಲಗಾಲು ಮಾತ್ರ ಮೇಲೇಳಲಿಲ್ಲ. ಉಸಿರಿಗೆ ತ್ರಾಸಾಗಲಿಲ್ಲ, ಕೈಗಳು ಉಳಿದವು, ಅದೇ ಬನಶಂಕರಿ ತಾಯಿಯ ದಯೆ ಎಂದು ದೀಪ ಹಚ್ಚುವಾಗ ಹೇಳಿಕೊಳ್ಳುತ್ತಿದ್ದೆ. ಜಮಖಂಡಿಯಲ್ಲಿ ವ್ಯಾಯಾಮ ಕಲಿಸುವ ಡಾಕ್ಟರಬಾಯಿ ಅವಳ ಅಂಗಾಲಿಗೆ ಅಂಗೈ ಕೊಟ್ಟು, "ನನ್ನ ಕೈ ದೂಡು, ನೋಡೂಣ" ಎಂದು ತೋರಿಸಿದರು.

"ಮನ್ಯಾಗ ಬಿಡದ ಮಾಡಸ್ರಿ ಅಕ್ಕಾರ. ಈಗ ಬಿಟ್ರ ಆ ಕಾಲು ದೂಡೂದನ್ನ ಮರೀತೈತಿ."

ಮನೆಯಲ್ಲಿ ಕಾಲು ಮುಟ್ಟಿದರೆ ಅವಳು ಅಳುವಳು. ಅವಳ ಜೊತೆ ನಾನೂ ಅಳುತ್ತಿದ್ದೆ. ಆಗ ಅತ್ತೆ ಒಂದು ಉಪಾಯ ತೆಗೆದರು. ತೀರಿಹೋದ ಮಾವನ ಕುಣಿಮಗ್ಗ ಖಾಲಿ ನಿಂತಿತ್ತು. ನೆಲದ ಕುಣಿಯಲ್ಲಿ ಕಾಲು ಇಳಿಬಿಟ್ಟು ಕೂತು, ಎರಡು ಹಲಗೆಗಳನ್ನು ಎರಡೂ ಕಾಲಿನಿಂದ ಒಂದಾದ ಮೇಲೊಂದು ತುಳಿಯುವ ಮಗ್ಗ ಅದು.

"ನೇಕಾರ್ರ ಮನಿ ಹುಡುಗಿ ಹೌದಲ್ಲ ಬೇ ನೀ? ನಿಮ್ಮಜ್ಜನ ಮಗ್ಗ ನಿದ್ದಿ ಮಾಡಾಕತ್ತೈತಿ, ಒದ್ದು ಎಬ್ಸು ಅದನ್ನ."

ಅವಳು ನಕ್ಕು ಕೂತಳು. ಮಗ್ಗದ ಮನೆಯವರು ಸದ್ದಿನ ಮೇಲೆಯೇ ಕೆಲಸ ಅಳೆಯುವವರು. ಬದುಕಿದ್ದಾಗ ಮಾವ ಒಳಗೆ ಊಟಕ್ಕೆ ಕೂತಲ್ಲಿಂದಲೇ, "ಎಳಿ ಹರೀತು ನೋಡ್ರಿ" ಎನ್ನುತ್ತಿದ್ದರು. ನಾನೂ ಒಲೆಯ ಮುಂದೆ ಕೂತು ಕೇಳಿಸಿಕೊಂಡೆ. ಮೊದಲು ಎಡಗಾಲಿನದೊಂದೇ ಧಪ್. ಕೆಲವು ದಿನಗಳ ಮೇಲೆ, ತುಸು ತಡೆದು, ಇನ್ನೊಂದು. ಎದ್ದು ಹೋಗಿ ನೋಡಲಿಲ್ಲ. ನನ್ನದೇ ದೃಷ್ಟಿ ತಾಕೀತು ಎಂದು ಅಂಜಿಕೆ. ದೇವರಿಗೆ ಕಾಯಿ ಒಡೆದೆ.

ಮುಂದಿನ ಸಲ ಡಾಕ್ಟರಬಾಯಿ ಬಲಗಾಲು ಹಿಡಿದು ನೋಡಿದರು. ಮೊದಲಿಗಿಂತ ಸಣ್ಣಗಾಗಿತ್ತು.

"ತುಳಿಯಾಕತ್ತಾಳ್ರಿ, ನಾ ಕೇಳೇನಿ" ಎಂದೆ.

"ನೋಡೀರೇನ್ರಿ?"

ಮರುದಿನ ಬಾಗಿಲ ಸಂದಿಯಿಂದ ನೋಡಿದೆ. ಎಡಗಾಲಿನಿಂದ ಎಡದ ಹಲಗೆ ತುಳಿದು, ಅದೇ ಕಾಲನ್ನು ಎತ್ತಿ ಬಲದ ಹಲಗೆಯ ಮೇಲಿಟ್ಟು ತುಳಿಯುತ್ತಿದ್ದಳು. ಬಲಗಾಲು ಕುಣಿಯ ಮೂಲೆಗೆ ಬಿದ್ದಿತ್ತು, ಯಾರೋ ಮರೆತು ಹೋದ ಸಾಮಾನಿನಂತೆ.

"ಯಾಕ ಹಿಂಗ ಮಾಡ್ತಿ ಬೇ?"

"ಎರಡೂ ಸದ್ದು ಆದ್ರ ನೀ ಅಳೂದಿಲ್ಲಲ್ಲ ಯವ್ವಾ."

ನಾನೂ ಕುಣಿಗೆ ಇಳಿದು ಕೂತೆ. ಅವಳ ಎಡಗಾಲನ್ನು ನನ್ನ ತೊಡೆಯ ಮೇಲಿಟ್ಟುಕೊಂಡು ಬಲದ ಅಂಗಾಲಿಗೆ ಅಂಗೈ ಕೊಟ್ಟೆ.

"ಸದ್ದು ಬ್ಯಾಡ. ನನ್ನ ಕೈ ಅಷ್ಟ ದೂಡು."

ದಿನಾ ಹಾಗೇ ಕೂತೆವು. ಅವಳು ಅಳುತ್ತಿದ್ದಳು, ನಾನು ಅಳಲಿಲ್ಲ. ಅಂಗೈಗೆ ಏನೂ ತಿಳಿಯದ ದಿನಗಳೇ ಬಹಳ. ಶ್ರಾವಣ ಮುಗಿಯುವ ಹೊತ್ತಿಗೆ ಒಂದು ಮುಂಜಾನೆ ಹೆಬ್ಬೆರಳು ಒತ್ತಿತು, ಇರುವೆ ಹರಿದಷ್ಟು. ಖರೆಯೋ ಭ್ರಮೆಯೋ ಎಂದು ಕೈ ಕದಲಿಸದೆ ಕೂತೆ. ಮತ್ತೆ ಒತ್ತಿತು. ಹೊರಗೆ ಓಣಿಯ ಲೂಮುಗಳು ಬಡಿದುಕೊಳ್ಳುತ್ತಲೇ ಇದ್ದವು. ಕುಣಿಯೊಳಗೆ ಸದ್ದೇ ಇರಲಿಲ್ಲ.

ಈಗ ಅವಳು ಕಬ್ಬಿಣದ ಪಟ್ಟಿಯ ಬೂಟು ಹಾಕಿಕೊಂಡು, ಕಾಲು ತುಸು ಎಳೆದು ನಡೆಯುತ್ತಾಳೆ. ನಡೆಯುತ್ತಾಳೆ, ಅಷ್ಟು ಕೊಟ್ಟಳು ಬನಶಂಕರಿ ತಾಯಿ. ಆದರೂ ಕರೆಂಟು ಹೋದಾಗ ಆ ಎರಡು ಧಪ್ ಕೇಳಿಸುತ್ತವೆ. ಈಗ ಎದ್ದು ಹೋಗಿ ನೋಡುತ್ತೇನೆ. ಪಡಸಾಲೆ ಖಾಲಿ. ಕುಣಿ ಇದ್ದಲ್ಲಿ ಫರಸಿಯ ಮೇಲೆ ಅಂಗೈ ಊರಿ ಕೂರುತ್ತೇನೆ, ಕರೆಂಟು ಬರುವವರೆಗೆ.