ಮಸರಕಲ್‌ನಲ್ಲಿ ನಮ್ಮ ಸರ್ ಮೀನಿನ ತಲೆ ಕೇಳಿದ್ದು

ಬಾಟಲಿ ಒಡೆದದ್ದು ದೇವದುರ್ಗ ರೋಡಿನ ತಗ್ಗಿನಲ್ಲಿ. ಜೀಪು ಓಡಿಸುತ್ತಿದ್ದವನು ನಾನೇ, ಆದರೆ ತಗ್ಗು ನನಗಿಂತ ಸೀನಿಯರ್.

ಸರ್ ಹಿಂದೆ ಕೂತು ಗಾಜಿನ ಚೂರು ಆರಿಸುತ್ತಿದ್ದರು. ರಾಯಚೂರಿನ ಕಾಲೇಜಿನಲ್ಲಿ ಮೀನು ಸಾಕಾಣಿಕೆ ಪಾಠ ಮಾಡುವವರು. ಎಂಬತ್ತರ ದಶಕ. ನಾನು ನಾಲ್ಕನೇ ಕ್ಲಾಸಿಗೇ ಶಾಲೆ ಬಿಟ್ಟವನು, ಅವರ ಡ್ರೈವರ್.

ಬಾಟಲಿಯಲ್ಲಿದ್ದದ್ದು ಮೀನಿನ ತಲೆಯೊಳಗಿನ ಗ್ರಂಥಿ. ಅದನ್ನು ಅರೆದು ಇಂಜೆಕ್ಷನ್ ಕೊಟ್ಟರೇ ಹೊಂಡದ ಮೀನು ಮೊಟ್ಟೆ ಇಡುವುದಂತೆ.

ಮಾನ್ವಿ ಕಡೆ ಮಲ್ಲಟದಲ್ಲಿ ಸರ್ ಸಾಕಿದ ಮೀನುಗಳು ಹೊಟ್ಟೆ ಉಬ್ಬಿಸಿಕೊಂಡು ಕಾಯುತ್ತಿವೆ. ಸಂಜೆ ಇಂಜೆಕ್ಷನ್ ಆಗದಿದ್ದರೆ ಮುಂದಿನ ಮಳೆಗಾಲವೇ ಗತಿ. ಹೋದ ವರ್ಷವೂ ಫೇಲ್. ಇದೇ ಕೊನೆ ಚಾನ್ಸ್ ಎಂದು ಅವರ ಪಿಎಚ್‌.ಡಿ. ಗೈಡ್ ಹೇಳಿಬಿಟ್ಟಿದ್ದರು.

ಮಸರಕಲ್‌ನಲ್ಲಿ ಒಂದು ಮನೆ ಮುಂದೆ ಪೆಂಡಾಲ್. ಮಲ್ಲಟದ ಹೊಸ ಬೀಗರು ಮೊದಲ ಸಲ ಊಟಕ್ಕೆ ಬಂದಿದ್ದಾರೆ. ಹಿತ್ತಲಲ್ಲಿ ಕೃಷ್ಣಾ ಹೊಳೆಯ ದೊಡ್ಡ ದೊಡ್ಡ ಮೀನು ಕೊಯ್ಯುತ್ತಿದ್ದಾರೆ.

"ಗಾಡಿ ನಿಲ್ಸಲೇ" ಅಂದರು ಸರ್.

ಒಲೆ ಮುಂದೆ ಆ ಮನೆಯ ಅಜ್ಜಿ. ಸರ್ ಕೈಮುಗಿದರು. "ಯವ್ವಾ, ಮೀನಿನ ತಲಿಯಾಗ, ಮಿದುಳಿನ ಕೆಳಗ, ಸಾಸಿವಿಕಾಳಿನಷ್ಟು ಒಂದು ಇರ್ತದ. ಅಷ್ಟ ಬೇಕು."

"ಸಾಸಿವಿ ಬೇಕಂದ್ರ ಡಬ್ಬಿ ತುಂಬ ಅದ, ತಗೋ. ತಲಿ ಬೀಗರಿಗೆ. ಒಡದ ತಲಿ ಹಾಕಿದ್ರ ನಾಳಿ ನನ್ನ ಮೊಮ್ಮಗಳು ಅವ್ರ ಮನ್ಯಾಗ ಬಾಳ್ವಿ ಮಾಡಾದು ಬ್ಯಾಡೇನು?"

"ಒಡಿಯಂಗಿಲ್ಲ ಯವ್ವಾ. ಹಿಂದಿನ ತೂತಿನಿಂದ ತಗೀತೀನಿ. ಗೊತ್ತ ಆಗಂಗಿಲ್ಲ."

ಅಜ್ಜಿ ಸೌಟು ತಿರುಗಿಸುತ್ತಾ ಯೋಚಿಸಿದಳು. "ಆತು. ಆದ್ರ ನಮ್ಮನಿ ಮೀನ ಮುಟ್ಟಿದವ್ರು ಉಣ್ಣದ ಹೋಗಂಗಿಲ್ಲ. ಬೀಗರ ಸಾಲಿನ್ಯಾಗ ಕುಂದರಬೇಕು."

ಸರ್ ನನ್ನ ಮುಖ ನೋಡಿದರು. ನಾನು ಜೀಪಿನ ಟೈರು ನೋಡಿದೆ.

ಸರ್ ಜನ್ಮದಲ್ಲಿ ಮೀನು ತಿಂದವರಲ್ಲ. ಪಾಠ ಮಾಡುತ್ತಾರೆ, ಅಳೆಯುತ್ತಾರೆ, ಕೊಯ್ಯುತ್ತಾರೆ... ಸಂಜೆ ಮನೆಗೆ ಹೋದರೆ ಅವರ ತಾಯಿ ತಲೆ ಮೇಲೆ ನೀರು ಸುರಿದೇ ಒಳಗೆ ಬಿಡೋದು.

"ಆತ್ ಯವ್ವಾ" ಅಂದರು. ದನಿ ಮಾತ್ರ ಬೇರೆ ಯಾರದೋ ಇದ್ದಂತಿತ್ತು.

ಚಿಮಟ ಹಿಡಿದು ಒಂದೊಂದೇ ತೆಗೆದರು. ಅಜ್ಜಿ ಪ್ರತಿ ತಲೆಯನ್ನೂ ತಿರುಗಿಸಿ ನೋಡಿ ಪಾಸ್ ಮಾಡಿದಳು.

ಊಟಕ್ಕೆ ಕೂತಾಗ ಬೀಗರ ಕಡೆಯ ಹಿರಿಯ, "ಕಲ್ತವ್ರು ಬಂದಾರ, ದೊಡ್ಡ ತಲಿ ಸರ್‌ಗ ಹಾಕ್ರಿ" ಅಂದುಬಿಟ್ಟ.

ತಲೆ ತಟ್ಟೆಗೆ ಬಂತು. ಸರ್, ತಲೆ, ಇಬ್ಬರೂ ಸ್ವಲ್ಪ ಹೊತ್ತು ಒಬ್ಬರನ್ನೊಬ್ಬರು ನೋಡಿಕೊಂಡರು... ಸರ್ ಮೆಲ್ಲಗೆ ಅದರ ಲ್ಯಾಟಿನ್ ಹೆಸರು ಹೇಳಿದರು. ಆಮೇಲೆ ತಿಂದರು.

"ಹ್ಯಾಂಗಾಗೇದ್ರಿ ಸರ?"

"ಎಲುಬಿನ ಜೋಡಣಿ ಚಲೋ ಅದರಿ."

ಅಡುಗೆಯವರಿಗೆ ಬಹಳ ಖುಷಿಯಾಯಿತು.

ಸಂಜೆ ಇಂಜೆಕ್ಷನ್ ಆಯಿತು. ಬೆಳಿಗ್ಗೆ ಹೋಗಿ ನೋಡುತ್ತೇವೆ, ಮಲ್ಲಟದ ಹೊಂಡದೊಳಗೆ ಕಟ್ಟಿದ್ದ ಬಟ್ಟೆ ತೊಟ್ಟಿಯ ತುಂಬ ನೆನೆಸಿದ ಸಾಬುದಾನಿಯಂತೆ ಮೊಟ್ಟೆ!

ಸರ್ ಅಂಚಿನಲ್ಲಿ ಕುಕ್ಕರಗಾಲಲ್ಲಿ ಕೂತು ಸುಮ್ಮನೆ ಮೂಗು ಒರೆಸಿಕೊಂಡರು. ತಾಯಿಮೀನು ಸುಸ್ತಾಗಿ ಬಾಯಿ ತೆರೆದು ಮುಚ್ಚುತ್ತಿದೆ.

ಅಷ್ಟರಲ್ಲಿ ಹೊಂಡ ಕಾಯುವವನ ಹೆಂಡತಿ ಕೂಗಿದಳು. ಸರ್ ಮೀನಿನ ತಲೆ ಉಂಡ ಸುದ್ದಿಯನ್ನು ಬೀಗರು ರಾತ್ರಿಯೇ ಊರಿಗೆ ಬಂದು ಮುಟ್ಟಿಸಿದ್ದರು.

"ಉಣ್ಣಾಕ ಬರ್ರೀ ಸರ, ಬಿಸಿ ರೊಟ್ಟಿ ಮಾಡೀನಿ, ಮೀನಿನ ಸಾರು ಅದ. ಅಲ್ಲೇ ದಂಡಿಗೆ ತರ್ಲೇನು?"

ಸರ್ ಒಮ್ಮೆ ತಾಯಿಮೀನಿನ ಕಡೆ ನೋಡಿ ದನಿ ತಗ್ಗಿಸಿದರು.

"ಇದರ ಮುಂದ ಬ್ಯಾಡವಾ... ಒಳಗ ನೀಡು, ಬಂದೆ."