ಹಗ್ಗ ಮತ್ತು ರಬ್ಬರು

ನಮ್ಮ ಬೀದಿಯ ಜೀವಶಾಸ್ತ್ರದ ಮೇಷ್ಟ್ರು ಯಾರೇ ಸಿಗಲಿ, ನಮಸ್ಕಾರಕ್ಕೂ ಮೊದಲು ಅವರ ಕೈ ಹಿಂಬದಿಯ ಚರ್ಮವನ್ನು ಚಿವುಟಿ ಬಿಟ್ಟು, ಎಷ್ಟು ಬೇಗ ಕೂರುತ್ತದೆಂದು ಕಣ್ಣರಳಿಸಿ ನೋಡುತ್ತಾರೆ. “ಚರ್ಮದಲ್ಲಿ ಎರಡು ಪ್ರೋಟೀನು ಕಣ್ರೀ. ಕೊಲಾಜನ್ ಹಗ್ಗ, ಬಿಗಿಯಾಗಿ ಹಿಡಿಯತ್ತೆ. ಇಲಾಸ್ಟಿನ್ ರಬ್ಬರು, ಎಳೆದ್ರೂ ವಾಪಸ್ ಬರತ್ತೆ!” ಅವರ ಪ್ರಕಾರ ಮನುಷ್ಯರೂ ಎರಡೇ ಬಗೆ: ರಜೆ ಕೊಡದ ಹೆಡ್‌ಮಾಸ್ಟರು ಕೊಲಾಜನ್, ಮುನಿಸಿಕೊಂಡು ತವರಿಗೆ ಹೋಗಿ ಸಂಜೆಗೇ ಮರಳುವ ಹೆಂಡತಿ ಇಲಾಸ್ಟಿನ್. “ರೀ, ಬೀಗರ ಕೈನಾದ್ರೂ ಚಿವುಟಬೇಡಿ” ಎಂದು ಆಕೆ ಗೋಗರೆದರೂ ಕೇಳಿದವರಲ್ಲ. ಮೊನ್ನೆ ಹಾಸಿಗೆ ಹಿಡಿದ ತಾಯಿಯ ಕೈಯನ್ನೂ ಚಿವುಟಿದರು. ಎತ್ತಿದ ಚರ್ಮ ಗುಡಾರದಂತೆ ನಿಂತೇ ಇತ್ತು. ಮೇಷ್ಟ್ರು ಪಾಠ ಮರೆತು, ಅದನ್ನು ಹೆಬ್ಬೆರಳಿನಿಂದ ಮೆಲ್ಲಗೆ ಸವರಿ ಕೂರಿಸಿದರು. “ರಬ್ಬರು ಹೋಯ್ತೇನೋ ಮಗಾ? ಹೋಗ್ಲಿ ಬಿಡು, ಹಗ್ಗ ಇದೆ” ಎಂದ ತಾಯಿ ಆ ಹೆಬ್ಬೆರಳನ್ನು ಹಿಡಿದುಕೊಂಡರು, ಊಟದ ಹೊತ್ತಾದರೂ ಬಿಡಲಿಲ್ಲ.